ಮಿಲ್ವಾಕಿ: ಓರೆ ಸೇತುವೆಗಳ ಊರು

ಬುಧವಾರ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಪೇಟೆಯ ನಡುವೆ ನದಿ ದಾಟುವ ಸೇತುವೆಗಳು ನೆಟ್ಟಗಿಲ್ಲ, ಓರೆಯಾಗಿವೆ. ಪೂರ್ವದ ಬೀದಿ ಬಂದು ನದಿಗೆ ಮುಟ್ಟುವ ಜಾಗಕ್ಕೆ ಸರಿಯಾಗಿ ಎದುರಿಗೆ ಪಶ್ಚಿಮದ ಬೀದಿ ಇಲ್ಲ. ಅದು ಸ್ವಲ್ಪ ಆಚೆಗಿದೆ. ಎರಡನ್ನೂ ಸೇರಿಸಬೇಕು ಅಂದರೆ ಸೇತುವೆ ಅಡ್ಡಡ್ಡವೇ ಹೋಗಬೇಕು. ಕಾರಿನಲ್ಲಿ ಹೋದರೆ ಗೊತ್ತಾಗುವುದಿಲ್ಲ, ನಡೆದು ಹೋದರೆ ಗೊತ್ತಾಗುತ್ತದೆ. ಎಂಜಿನಿಯರುಗಳ ಎಡವಟ್ಟು ಅಂದುಕೊಂಡರೆ ಅಲ್ಲ, ಇದು ಜಗಳದ ಗುರುತು.

1830ರ ದಶಕದಲ್ಲಿ ಇಲ್ಲಿ ಇದ್ದದ್ದು ಒಂದು ಊರಲ್ಲ, ಮೂರು. ನದಿಯ ಪೂರ್ವ ದಡದಲ್ಲಿ ಸಾಲೊಮನ್ ಜೂನೊ. ಫ್ರೆಂಚ್ ಕೆನಡಾದವನು, ತುಪ್ಪಳದ ವ್ಯಾಪಾರಕ್ಕೆ ಅಂತ 1818ರಲ್ಲಿ ಬಂದವನು. ಪಶ್ಚಿಮ ದಡದಲ್ಲಿ ಬೈರನ್ ಕಿಲ್‌ಬರ್ನ್, ಸರ್ವೇಯರ್. ದಕ್ಷಿಣಕ್ಕೆ ಜಾರ್ಜ್ ವಾಕರ್. ಮೂವರಿಗೂ ಜಾಗ ಮಾರಿ ದುಡ್ಡು ಮಾಡುವ ಆಸೆ. ಆ ಜಾಗ ಬಂದದ್ದು ಎಲ್ಲಿಂದ ಅಂದರೆ ಇಲ್ಲಿಯ ಮೂಲನಿವಾಸಿಗಳಾದ ಮೆನಾಮಿನಿ, ಪೊಟವಾಟಮಿ ಜನರಿಂದ. 1833ರ ಷಿಕಾಗೋ ಒಪ್ಪಂದದಲ್ಲಿ ಪೊಟವಾಟಮಿಗಳು ಈ ದಡದ ನೆಲವನ್ನೆಲ್ಲ ಬಿಟ್ಟುಕೊಡಬೇಕಾಯಿತು. ಅವರ ವಿಷಯ ಶನಿವಾರ ಮತ್ತೆ ಬರುತ್ತದೆ.

ಕಿಲ್‌ಬರ್ನ್ ಎಂಥ ಹಟಮಾರಿ ಅಂದರೆ, ತನ್ನ ಊರಿನ ನಕ್ಷೆ ಮಾಡಿಸಿದಾಗ ನದಿಯ ಪೂರ್ವ ದಡವನ್ನು ಖಾಲಿ ಬಿಟ್ಟನಂತೆ, ಅಲ್ಲಿ ಏನೂ ಇಲ್ಲವೇ ಇಲ್ಲ ಅನ್ನುವ ಹಾಗೆ. ತನ್ನ ಬೀದಿಗಳು ಜೂನೊನ ಬೀದಿಗಳಿಗೆ ಎದುರಾಗದ ಹಾಗೆ ಗೆರೆ ಎಳೆದ. ಸೇತುವೆಯೇ ಬೇಡ ಅನ್ನುವುದು ಅವನ ಲೆಕ್ಕ. ಆದರೂ ಸೇತುವೆಗಳು ಬಂದವು, ಖರ್ಚು ಯಾರದ್ದು ಅನ್ನುವ ತಕರಾರೂ ಬಂತು. 1845ರ ಮೇ ತಿಂಗಳಲ್ಲಿ ಒಂದು ಹಾಯಿಹಡಗು ಸೇತುವೆಗೆ ಗುದ್ದಿದ್ದೇ ನೆಪ ಆಯಿತು. ಪಶ್ಚಿಮದವರು ಇನ್ನೊಂದು ಸೇತುವೆಯ ತಮ್ಮ ಕಡೆಯ ತುದಿ ಕಿತ್ತು ಹಾಕಿದರು. ಪೂರ್ವದವರು ಹಳೇ ಫಿರಂಗಿ ತಂದು ಕಿಲ್‌ಬರ್ನ್ ಮನೆಗೆ ಗುರಿಯಿಟ್ಟರು. ಅಷ್ಟರಲ್ಲಿ ಅವನ ಮಗಳು ತೀರಿಕೊಂಡ ಸುದ್ದಿ ಬಂತು, ಹಾಗಾಗಿ ಹೊಡೆಯಲಿಲ್ಲ ಅಂತ ಇಲ್ಲಿ ಹೇಳುತ್ತಾರೆ. ಕೆಲವು ವಾರ ಕೈಕೈ ಮಿಲಾಯಿಸಿ, ತಲೆ ಒಡೆಸಿಕೊಂಡು, ಕೊನೆಗೆ ಸುಸ್ತಾಗಿ 1846ರ ಜನವರಿಯಲ್ಲಿ ಮೂರೂ ಊರು ಸೇರಿ ಒಂದು ನಗರ ಮಾಡಿಕೊಂಡರು. ಮೊದಲ ಮೇಯರ್ ಜೂನೊ. ಮುಂದೆ ಕಿಲ್‌ಬರ್ನ್ ಕೂಡ ಮೇಯರ್ ಆದ. ರಾಜಕೀಯ ಎಲ್ಲ ಕಡೆ ಒಂದೇ.

ನಾನು ಇಳಿದುಕೊಂಡದ್ದು ತಮ್ಮನ ಮನೆಯಲ್ಲಿ, ಊರಿನ ಪಶ್ಚಿಮಕ್ಕಿರುವ ಬ್ರೂಕ್‌ಫೀಲ್ಡ್‌ನಲ್ಲಿ. ಪಕ್ಕದ ವಾಕೆಶಾದಲ್ಲಿ ಸ್ಕ್ಯಾನಿಂಗ್ ಯಂತ್ರಗಳ ಕಂಪನಿ ಇದೆ. ಬೆಂಗಳೂರಿನಿಂದ ಅದಕ್ಕೆ ಬಂದ ಎಂಜಿನಿಯರುಗಳು ಈ ಭಾಗದಲ್ಲಿ ಸಾಕಷ್ಟಿದ್ದಾರೆ. ತಮ್ಮನೂ ಹಾಗೇ ಬಂದವನು. "ಅಕ್ಕಾ, ಮಿಲ್ವಾಕಿಯಲ್ಲಿ ಏನಿದೆ ಅಂತ ನೋಡ್ತೀಯ? ಷಿಕಾಗೋಗೆ ಹೋಗೋಣ ಬಾ, 90 ಮೈಲಿ ಅಷ್ಟೇ" ಅಂದ. ಷಿಕಾಗೋ ಎಲ್ಲರೂ ನೋಡುತ್ತಾರೆ ಬಿಡು ಅಂದೆ.

ಮಿಷಿಗನ್ ಸರೋವರದ ದಡದ ಕಲಾ ಸಂಗ್ರಹಾಲಯ ನೋಡಿದೆವು. ಕಲಟ್ರಾವಾ ಅನ್ನುವ ವಾಸ್ತುಶಿಲ್ಪಿ ಕಟ್ಟಿದ ಅದರ ಹೊಸ ಭಾಗ ತೆರೆದದ್ದು 2001ರಲ್ಲಿ. ಬಿಳಿ ರೆಕ್ಕೆ ಬಿಚ್ಚುತ್ತದೆ, ಮುಚ್ಚುತ್ತದೆ. ಚೆನ್ನಾಗಿದೆ, ಫೋಟೋ ತೆಗೆದುಕೊಂಡೆವು, ಮುಗಿಯಿತು. ಮೇ ತಿಂಗಳು ಬಂದರೂ ಸರೋವರದ ಗಾಳಿ ಕಿವಿ ಕಚ್ಚುತ್ತಿತ್ತು.

ಸಂಜೆ ಟರ್ನರ್ ಹಾಲ್. ಇದು 1880ರ ದಶಕದ ಕಟ್ಟಡ, ಜರ್ಮನ್ನರದ್ದು. ಜರ್ಮನಿಯಲ್ಲಿ 1848ರ ಕ್ರಾಂತಿ ಸೋತ ಮೇಲೆ ಓಡಿ ಬಂದ ಓದಿದ ಜನ, ಅವರ ಹಿಂದೆಯೇ ಬಂದ ರೈತರು, ಬಡಗಿಗಳು, ಬಿಯರ್ ಮಾಡುವವರು ಸೇರಿ ಈ ಊರನ್ನು ಜರ್ಮನ್ ಊರೇ ಮಾಡಿಬಿಟ್ಟಿದ್ದರು. ಟರ್ನರ್ ಅಂದರೆ ಗರಡಿ ಮನೆಯ ಸಂಘ ಇದ್ದ ಹಾಗೆ. ಕಸರತ್ತೂ ಮಾಡುತ್ತಿದ್ದರು, ರಾಜಕೀಯವನ್ನೂ ಮಾತಾಡುತ್ತಿದ್ದರು. ಆ ರಾಜಕೀಯದ ಫಲ ಭಾನುವಾರದ ಕಥೆಯಲ್ಲಿದೆ. ಪ್ಯಾಬ್ಸ್ಟ್, ಶ್ಲಿಟ್ಸ್, ಬ್ಲಾಟ್ಸ್, ಮಿಲ್ಲರ್ ಇವೆಲ್ಲ ಇಲ್ಲಿಯ ಬಿಯರ್‌ಗಳು. ಶ್ಲಿಟ್ಸ್ ಇಲ್ಲಿಯ ಕಾರ್ಖಾನೆ 1981ರಲ್ಲಿ ಮುಚ್ಚಿತು, ಪ್ಯಾಬ್ಸ್ಟ್ 1996ರಲ್ಲಿ. ಹಳೇ ಬಿಯರ್ ಕಾರ್ಖಾನೆಗಳಲ್ಲಿ ಈಗ ಆಫೀಸು, ಹೋಟೆಲು, ಫ್ಲ್ಯಾಟು.

ಗುರುವಾರ

ತಮ್ಮನಿಗೆ ಆಫೀಸು. ಅವನ ಹೆಂಡತಿ ರಜೆ ಹಾಕಿ ನನ್ನ ಜೊತೆ ಬಂದಳು. ಥರ್ಡ್ ವಾರ್ಡ್‌ಗೆ ಹೋದೆವು. ಇಟ್ಟಿಗೆಯ ಹಳೇ ಗೋದಾಮುಗಳು, ಒಳಗೆ ಗ್ಯಾಲರಿ, ಬಟ್ಟೆ ಅಂಗಡಿ, ಕಾಫಿಗೆ ದುಬಾರಿ ಬೆಲೆ. ಇಲ್ಲಿ ಹಳೇ ಕಾಲದವರು ಬಂದು ನೋಡಿದರೆ ನಗುತ್ತಾರೆ, ಯಾಕೆಂದರೆ ಇದು ಊರಿನಲ್ಲೇ ಬಡವರ ಕೇರಿ ಆಗಿತ್ತು.

ಮೊದಲು ಐರಿಷ್ ಜನ ಇದ್ದರು. ಹಡಗಿನ ಕೂಲಿ, ರೈಲಿನ ಕೂಲಿ. 1860ರ ಸೆಪ್ಟೆಂಬರ್‌ನಲ್ಲಿ ಇವರಲ್ಲಿ ನೂರಾರು ಜನ ಲೇಡಿ ಎಲ್ಗಿನ್ ಅನ್ನುವ ಹಡಗಿನಲ್ಲಿ ಷಿಕಾಗೋಗೆ ಹೋಗಿದ್ದರು. ತಮ್ಮ ಸಿಪಾಯಿ ದಳಕ್ಕೆ ದುಡ್ಡು ಕೂಡಿಸಲು ಮಾಡಿದ ಪ್ರವಾಸ ಅದು. ವಾಪಸು ಬರುವಾಗ ಬಿರುಗಾಳಿ, ಕತ್ತಲು. ಮರದ ದಿಮ್ಮಿ ಹೇರಿದ್ದ ಒಂದು ಹಾಯಿಹಡಗು ಬಂದು ಗುದ್ದಿತು. ಸುಮಾರು 300 ಜನ ಸತ್ತರು. ಈ ಕೇರಿಯಲ್ಲಿ ಸಾವಿಲ್ಲದ ಮನೆ ಹುಡುಕಬೇಕಾಗಿತ್ತಂತೆ. ಮುಂದೆ 1892ರ ಅಕ್ಟೋಬರ್ 28ರ ಸಂಜೆ ಬೆಂಕಿ ಬಿತ್ತು. ಸರೋವರದ ಗಾಳಿಗೆ ಹಬ್ಬಿ 440 ಕಟ್ಟಡ ಸುಟ್ಟವು, ಸುಮಾರು 1,900 ಜನಕ್ಕೆ ಮನೆ ಇಲ್ಲದಾಯಿತು. ಐರಿಷ್ ಜನ ಬೇರೆ ಕಡೆ ಚದುರಿದರು.

ಅವರು ಬಿಟ್ಟ ಜಾಗಕ್ಕೆ ಸಿಸಿಲಿಯಿಂದ ಇಟಾಲಿಯನ್ನರು ಬಂದರು. ಬ್ರಾಡ್‌ವೇ ಬೀದಿಯಲ್ಲಿ ತರಕಾರಿ, ಹಣ್ಣಿನ ಸಗಟು ಮಂಡಿಗಳನ್ನು ಇಟ್ಟರು. ಗುಲಾಬಿ ಬಣ್ಣದ ಒಂದು ಚಿಕ್ಕ ಇಗರ್ಜಿ ಕಟ್ಟಿದರು, ಪೊಂಪೆ ಮಾತೆಯದ್ದು. ಬೇಸಿಗೆಯಲ್ಲಿ ಬೀದಿ ತುಂಬಾ ಸಂತರ ಹಬ್ಬ, ಮೆರವಣಿಗೆ. 1967ರಲ್ಲಿ ಹೆದ್ದಾರಿಗಾಗಿ ಆ ಇಗರ್ಜಿ ಕೆಡವಿದರು. ಈಗ ಅಲ್ಲಿ ಒಂದು ಫಲಕ ಇದೆ, ಮೇಲೆ ಹೆದ್ದಾರಿ ಗುಡುಗುಡು ಅನ್ನುತ್ತದೆ. ಕೇರಿಯ ಜನ ಚದುರಿ ಹೋದರೂ ಹಬ್ಬ ಬಿಡಲಿಲ್ಲ. 1978ರಿಂದ ಅದನ್ನು ಸರೋವರದ ದಡದ ಮೈದಾನದಲ್ಲಿ ದೊಡ್ಡದಾಗಿ ಶುರು ಮಾಡಿದರು.

ಮಧ್ಯಾಹ್ನ ಜೋನ್ಸ್ ಐಲ್ಯಾಂಡ್. ಹೆಸರಿಗೆ ದ್ವೀಪ, ನಿಜಕ್ಕೂ ಬಂದರಿನ ಒಂದು ಚಾಚು. ತಮ್ಮನ ಹೆಂಡತಿ, "ಅಕ್ಕಾ, ಇಲ್ಲಿ ಯಾಕೆ? ಬರೀ ಕೊಳಚೆ ನೀರಿನ ಪ್ಲಾಂಟು" ಅಂದಳು. ನಿಜ, ವಾಸನೆ ಇತ್ತು. ಒಂದು ಕಡೆ ಚಳಿಗಾಲದ ರಸ್ತೆಗೆ ಹಾಕುವ ಉಪ್ಪಿನ ಗುಡ್ಡೆ, ಇನ್ನೊಂದು ಕಡೆ ಟ್ಯಾಂಕುಗಳು. ನಡುವೆ ಒಂದು ಮನೆಯ ಅಂಗಳದಷ್ಟು ಹುಲ್ಲು. ಅದರ ಹೆಸರು ಕಶೂಬ್ಸ್ ಪಾರ್ಕ್. ನಗರದ ಅತಿ ಚಿಕ್ಕ ಪಾರ್ಕು ಅಂತ ಹೇಳುತ್ತಾರೆ.

ಈಗಿನ ಪೋಲೆಂಡಿನ ಬಾಲ್ಟಿಕ್ ಕರಾವಳಿಯ ಹೆಲ್ ಅನ್ನುವ ಮರಳು ಚಾಚಿನಿಂದ ಕಶುಬಿಯನ್ ಮೀನುಗಾರರು 1870ರ ದಶಕದಿಂದ ಬಂದು ಇಲ್ಲಿ ನೆಲೆಸಿದರು. ಅಲ್ಲಿಯೂ ಮರಳಿನ ಚಾಚು, ಇಲ್ಲಿಯೂ ಅದೇ. ಬಲೆ ಒಣಗಿಸಲು ಜಾಗ, ಗುಡಿಸಲಿನಂಥ ಮನೆಗಳು, ಸಾರಾಯಿ ಅಂಗಡಿಗಳು, ಬೀದಿಗಳಿಗೆ ಲೆಕ್ಕಾಚಾರವೇ ಇಲ್ಲ. ಬಿಳಿಮೀನು, ಟ್ರೌಟ್ ಹಿಡಿದು ಊರಿಗೆಲ್ಲ ಮಾರುತ್ತಿದ್ದರು. ಆದರೆ ಕಾಗದಪತ್ರ ಯಾರ ಹತ್ತಿರವೂ ಇರಲಿಲ್ಲ. ಮೊದಲು ಉಕ್ಕಿನ ಕಂಪನಿ ಜಾಗ ನಮ್ಮದು ಅಂತ ಕೋರ್ಟಿಗೆ ಹೋಯಿತು. ಆಮೇಲೆ ನಗರಸಭೆಯೇ ಬಂದರಿಗೆ, ಕೊಳಚೆ ನೀರಿನ ಘಟಕಕ್ಕೆ ಅಂತ ವಶ ಮಾಡಿಕೊಳ್ಳತೊಡಗಿತು. 1920ರ ದಶಕದಲ್ಲಿ ಮನೆಗಳು ಒಂದೊಂದಾಗಿ ಹೋದವು. ಫೆಲಿಕ್ಸ್ ಸ್ಟ್ರಕ್ ಅನ್ನುವವನು ಮಾತ್ರ ತನ್ನ ಹೆಂಡದಂಗಡಿ ಇಟ್ಟುಕೊಂಡು ಹಟ ಹಿಡಿದು ಕೂತ. 1943ರಲ್ಲಿ ಅವನನ್ನೂ ಎಬ್ಬಿಸಿದರು. ಕಾರವಾರದವಳು ನಾನು, ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟ ಮೀನುಗಾರರನ್ನು ನೋಡಿ ಬೆಳೆದವಳು. ಆ ಹುಲ್ಲಿನ ಮೇಲೆ ನಿಂತಾಗ ಜಾಸ್ತಿ ವಿವರಣೆ ಬೇಕಾಗಲಿಲ್ಲ.

ಆ ಘಟಕದಲ್ಲಿ ಕೊಳಚೆಯನ್ನು ಒಣಗಿಸಿ ಗೊಬ್ಬರ ಮಾಡಿ 1926ರಿಂದಲೂ ಮಾರುತ್ತಾರೆ, ಮಿಲಾರ್ಗನೈಟ್ ಅಂತ. ಬ್ರೂಕ್‌ಫೀಲ್ಡಿಗೆ ವಾಪಸು ಬಂದು ಗ್ಯಾರೇಜಿನಲ್ಲಿ ನೋಡಿದರೆ ಅದೇ ಚೀಲ! ತಮ್ಮ ಹುಲ್ಲಿಗೆ ಹಾಕುವುದು ಅದನ್ನೇ.

ಶುಕ್ರವಾರ

ಇವತ್ತು ಒಬ್ಬಳೇ ಬಸ್ಸು ಹತ್ತಿದೆ. ಬ್ರೂಕ್‌ಫೀಲ್ಡಿನ ಪಕ್ಕದ ಮನೆಯವರಿಗೆ ಇದನ್ನು ಹೇಳಿದಾಗ, ನಾರ್ತ್ ಸೈಡಿಗಾ, ಒಬ್ಬರೇನಾ ಅಂತ ಹುಬ್ಬೇರಿಸಿದ್ದರು. ಈ ಹುಬ್ಬೇರಿಸುವುದಕ್ಕೂ ಒಂದು ಇತಿಹಾಸ ಇದೆ.

ವಾಲ್ನಟ್ ಬೀದಿ. ಮೊದಲು ಜರ್ಮನ್ನರದ್ದು. 1900ರ ಆಚೀಚೆ ರಷ್ಯಾ ಕಡೆಯ ಯಹೂದಿಗಳು ಬಂದರು. 1906ರಲ್ಲಿ ಪಿನ್ಸ್ಕ್ ಊರಿನಿಂದ ಬಂದ ಒಂದು ಕುಟುಂಬ ಇದೇ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟಿತು. ತಾಯಿ ಮಾರುಕಟ್ಟೆಗೆ ಹೋದರೆ 8 ವರ್ಷದ ಮಗಳು ಅಂಗಡಿ ನೋಡಿಕೊಳ್ಳಬೇಕು, ಹಾಗಾಗಿ ದಿನಾ ಶಾಲೆಗೆ ತಡ. ಆ ಹುಡುಗಿ ಮುಂದೆ ಇಸ್ರೇಲಿನ ಪ್ರಧಾನಿ ಆದ ಗೋಲ್ಡಾ ಮೇಯಿರ್. ಆಕೆ ಓದಿದ ಫೋರ್ತ್ ಸ್ಟ್ರೀಟ್ ಶಾಲೆಗೆ ಈಗ ಆಕೆಯದ್ದೇ ಹೆಸರು. ಕಟ್ಟಡ ಗಟ್ಟಿಯಾಗಿದೆ, ಮಕ್ಕಳು ಓದುತ್ತಿದ್ದಾರೆ.

ಯಹೂದಿಗಳು ಅನುಕೂಲ ಆದ ಹಾಗೆ ಪಶ್ಚಿಮಕ್ಕೆ ಸರಿದರು. ದಕ್ಷಿಣದ ರಾಜ್ಯಗಳಿಂದ ಕೆಲಸ ಹುಡುಕಿ ಬಂದ ಕಪ್ಪು ಜನ ಆ ಮನೆಗಳಿಗೆ ಬಂದರು. ಬೇರೆ ಕಡೆ ಹೋಗೋಣ ಅಂದರೆ ಬಿಡುವವರು ಯಾರು? ಮನೆಯ ಕ್ರಯಪತ್ರದಲ್ಲೇ ಕಪ್ಪು ಜನಕ್ಕೆ ಮಾರಕೂಡದು ಅಂತ ಬರೆಯುತ್ತಿದ್ದರು. ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ಆಗ ವಿಲ್ಬರ್ ಹಲ್ಯಾರ್ಡ್, ಆರ್ಡಿ ಹಲ್ಯಾರ್ಡ್ ಅನ್ನುವ ದಂಪತಿ 1924ರಲ್ಲಿ ಕೊಲಂಬಿಯಾ ಅನ್ನುವ ಸಾಲದ ಸಂಘ ಶುರು ಮಾಡಿದರು, ಕಪ್ಪು ಜನ ಮನೆ ಕೊಳ್ಳಲಿ ಅಂತ. ವಾಲ್ನಟ್ ಬೀದಿಯಲ್ಲಿ ಔಷಧಿ ಅಂಗಡಿ, ಕ್ಷೌರದಂಗಡಿ, ರೀಗಲ್ ಥಿಯೇಟರ್, ಜಾಜ್ ಕ್ಲಬ್ಬುಗಳು. ಈ ಭಾಗವನ್ನು ಬ್ರಾಂಜ್‌ವಿಲ್ ಅಂತ ಕರೆದರು.

ಈಗ ಅಲ್ಲಿ ನಿಂತರೆ ಏನು ಕಾಣುತ್ತದೆ? ಅಗಲವಾದ ರಸ್ತೆ, ಹುಲ್ಲು, ಐ-43 ಹೆದ್ದಾರಿ. 1960ರ ದಶಕದಲ್ಲಿ ನಗರ ಸುಧಾರಣೆ ಅಂತ ಒಮ್ಮೆ, ಹೆದ್ದಾರಿ ಅಂತ ಇನ್ನೊಮ್ಮೆ, ಬೀದಿಯನ್ನೇ ಅಳಿಸಿಬಿಟ್ಟರು. ಇಟಾಲಿಯನ್ನರ ಇಗರ್ಜಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಇಟಾಲಿಯನ್ನರು ಬೇರೆ ಬಡಾವಣೆಗೆ ಹೋಗಿ ಮನೆ ಕೊಂಡರು. ಇವರಿಗೆ ಬಾಗಿಲು ಮುಚ್ಚಿತ್ತು. ಬರೀ ಹೆದ್ದಾರಿಯನ್ನು ಬೈದರೆ ಈ ವ್ಯತ್ಯಾಸ ಮರೆತುಹೋಗುತ್ತದೆ.

ಸ್ವಲ್ಪ ಉತ್ತರಕ್ಕೆ ನಾರ್ತ್ ಅವೆನ್ಯೂದಲ್ಲಿ ಅಮೆರಿಕಾಸ್ ಬ್ಲ್ಯಾಕ್ ಹಾಲೊಕಾಸ್ಟ್ ಮ್ಯೂಸಿಯಂ ಇದೆ. ಕಟ್ಟಿದವರು ಜೇಮ್ಸ್ ಕ್ಯಾಮರಾನ್. 1930ರಲ್ಲಿ, ಇಂಡಿಯಾನಾದ ಮೇರಿಯನ್ ಊರಿನಲ್ಲಿ, 16 ವರ್ಷದ ಅವರ ಕುತ್ತಿಗೆಗೆ ಗುಂಪು ಹಗ್ಗ ಹಾಕಿತ್ತು. ಜೊತೆಗಿದ್ದ ಇಬ್ಬರನ್ನು ಅದೇ ರಾತ್ರಿ ಮರಕ್ಕೆ ನೇತು ಹಾಕಿ ಕೊಂದಿದ್ದರು. ಇವರು ಬದುಕಿದರು. ಮಿಲ್ವಾಕಿಗೆ ಬಂದು 1988ರಲ್ಲಿ ಈ ಸಂಗ್ರಹಾಲಯ ಶುರು ಮಾಡಿದರು. 2006ರಲ್ಲಿ ತೀರಿಕೊಂಡರು, 2008ರಲ್ಲಿ ದುಡ್ಡಿಲ್ಲದೆ ಮುಚ್ಚಿತು, 2022ರಲ್ಲಿ ಈ ಹೊಸ ಕಟ್ಟಡದಲ್ಲಿ ಮತ್ತೆ ತೆರೆಯಿತು. ಎರಡು ಗಂಟೆ ಸಾಕು ಅಂದುಕೊಂಡು ಹೋಗಬೇಡಿ. ಪಕ್ಕದ ಬೀದಿಗೆ ವೆಲ್ ಫಿಲಿಪ್ಸ್ ಹೆಸರು. ಆಕೆಯ ವಿಷಯ ನಾಳೆ.

ಬಸ್ಸಿನಲ್ಲಿ ಇನ್ನೂ ವಾಯವ್ಯಕ್ಕೆ ಹೋದರೆ ಎ.ಒ. ಸ್ಮಿತ್ ಕಾರ್ಖಾನೆ ಇದ್ದ ಬಯಲು. ಬೆಂಗಳೂರಿನಲ್ಲಿ ಎಷ್ಟೋ ಮನೆಗಳ ಬಚ್ಚಲಲ್ಲಿ ಈ ಹೆಸರಿನ ಗೀಸರ್ ಇದೆ ಅಲ್ವಾ, ಕನಕಪುರ ರಸ್ತೆಯ ಹಾರೋಹಳ್ಳಿಯಲ್ಲಿ ಅವರ ಕಾರ್ಖಾನೆ ಇದೆ. ಮೂಲ ಇಲ್ಲಿ. ಮೊದಲು ಮಾಡುತ್ತಿದ್ದದ್ದು ಕಾರಿನ ಅಡಿಯ ಚೌಕಟ್ಟು. 1921ರಲ್ಲಿ ಹಾಕಿದ ಸ್ವಯಂಚಾಲಿತ ಘಟಕ ದಿನಕ್ಕೆ 10,000 ಚೌಕಟ್ಟು ಹೊರಗೆ ಹಾಕುತ್ತಿತ್ತು. 1930ರ ದಶಕದಲ್ಲಿ ಬಿಯರ್ ಟ್ಯಾಂಕಿನ ಒಳಗೆ ಗಾಜಿನ ಲೇಪ ಹಾಕುವುದನ್ನು ಕಲಿತರು, ಅದೇ ವಿದ್ಯೆಯಿಂದ ನೀರು ಕಾಯಿಸುವ ಟ್ಯಾಂಕೂ ಬಂತು. ನಮ್ಮ ಗೀಸರಿನ ಹಿಂದೆ ಮಿಲ್ವಾಕಿಯ ಬಿಯರ್ ಇದೆ ಅಂದ ಹಾಗಾಯಿತು! ಸಾವಿರಾರು ಕಪ್ಪು ಕುಟುಂಬಗಳು ನಡುವಿನ ವರ್ಗಕ್ಕೆ ಏರಿದ್ದು ಇಂಥ ಕಾರ್ಖಾನೆಗಳ ಸಂಬಳದಿಂದ. 1997ರಲ್ಲಿ ಕಾರಿನ ಭಾಗ ಬೇರೆಯವರ ಕೈಗೆ ಹೋಯಿತು, 2006ರಲ್ಲಿ ಬಾಗಿಲು ಹಾಕಿತು. ಗೀಸರಿನ ಕೇಂದ್ರ ಕಚೇರಿ ಇವತ್ತಿಗೂ ಮಿಲ್ವಾಕಿಯಲ್ಲೇ ಇದೆ, ಈ ಬಯಲಿನಿಂದ ದೂರದಲ್ಲಿ.

ರಾತ್ರಿ ಫಿಶ್ ಫ್ರೈ. ಶುಕ್ರವಾರ ಮಾಂಸ ತಿನ್ನದ ಕ್ಯಾಥೊಲಿಕರ ಪದ್ಧತಿ ಈಗ ಇಡೀ ಊರಿನ ಪದ್ಧತಿ. ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ಆಲೂಗಡ್ಡೆ ದೋಸೆ, ರೈ ಬ್ರೆಡ್ಡು, ಎಲೆಕೋಸು. ಖಾರ ಅನ್ನುವುದು ಮಾತಿಗೂ ಇಲ್ಲ. ತಮ್ಮನ ಹೆಂಡತಿ ಪರ್ಸಿನಿಂದ ಚಟ್ನಿಪುಡಿ ತೆಗೆದಳು.

ಶನಿವಾರ

ಈ ಪ್ರವಾಸದಲ್ಲಿ ನನಗೆ ಬೇಕಾಗಿದ್ದ ದಿನ ಇದು. 16ನೇ ಬೀದಿಯ ಸೇತುವೆ ನಡೆದು ದಾಟುವುದು. ತಮ್ಮನೂ ಬಂದ, ಗೊಣಗುತ್ತಲೇ.

ಊರಿನ ನಡುವೆ ಮೆನಾಮಿನಿ ನದಿಯ ಕಣಿವೆ ಇದೆ. ಕಾಡು ಭತ್ತ ಬೆಳೆಯುತ್ತಿದ್ದ ಜೌಗನ್ನು ಮುಚ್ಚಿ ರೈಲು ಯಾರ್ಡು, ಚರ್ಮ ಹದ ಮಾಡುವ ಕಾರ್ಖಾನೆ, ಕಸಾಯಿಖಾನೆ ಮಾಡಿದ್ದರು. ಅದರ ಮೇಲೆ ಉದ್ದದ ಸೇತುವೆಗಳು. 1960ರ ದಶಕದಲ್ಲಿ ಕಣಿವೆಯ ಉತ್ತರಕ್ಕೆ ಕಪ್ಪು ಜನ, ದಕ್ಷಿಣಕ್ಕೆ ಪೋಲಿಷ್ ಜನ. ಪ್ರಪಂಚದ ಅತಿ ಉದ್ದದ ಸೇತುವೆ ಇದು, ಆಫ್ರಿಕಾದಿಂದ ಪೋಲೆಂಡಿಗೆ ಹೋಗುತ್ತದೆ ಅಂತ ಊರಿನವರು ಜೋಕು ಮಾಡುತ್ತಿದ್ದರು. ಜೋಕು ಮಾಡುವವರಿಗೆ ದಾಟುವ ಪ್ರಸಂಗ ಬಂದಿರಲಿಲ್ಲ.

ವೆಲ್ ಫಿಲಿಪ್ಸ್ 1956ರಲ್ಲಿ ನಗರಸಭೆಗೆ ಗೆದ್ದರು. ಅಲ್ಲಿಗೆ ಹೋದ ಮೊದಲ ಹೆಂಗಸೂ ಅವರೇ, ಮೊದಲ ಕಪ್ಪು ಸದಸ್ಯೆಯೂ ಅವರೇ. ಮನೆ ಮಾರುವಾಗ, ಬಾಡಿಗೆ ಕೊಡುವಾಗ ಬಣ್ಣ ನೋಡಕೂಡದು ಅಂತ 1962ರಲ್ಲಿ ಒಂದು ಕಾನೂನು ತಂದರು. ಮತ ಬಿದ್ದದ್ದು 18ಕ್ಕೆ 1. ಆ 1 ಅವರದ್ದೇ. ಮತ್ತೆ ತಂದರು, ಮತ್ತೆ 18ಕ್ಕೆ 1. ನಾಲ್ಕು ಸಲವೂ ಇದೇ. ನಾನಾಗಿದ್ದರೆ ಎರಡನೇ ಸಲಕ್ಕೆ ಮನೆಗೆ ಹೋಗಿ ಮಲಗುತ್ತಿದ್ದೆ.

ಜೇಮ್ಸ್ ಗ್ರೊಪಿ ಅನ್ನುವ ಪಾದ್ರಿ ಇದ್ದರು. ಇಟಾಲಿಯನ್, ದಕ್ಷಿಣದ ಬೇ ವ್ಯೂನಲ್ಲಿ ಕಿರಾಣಿ ಅಂಗಡಿಯವರ ಮಗ. ಅವರಿಗೆ ಸಿಕ್ಕ ಕೆಲಸ ಉತ್ತರದ ಕಪ್ಪು ಕೇರಿಯ ಇಗರ್ಜಿಯಲ್ಲಿ. ಕಪ್ಪು ಜನರ ಹಕ್ಕಿಗೆ ಹೋರಾಡುವ ಎನ್‌ಎಎಸಿಪಿ ಸಂಸ್ಥೆಯ ಯುವ ಸಂಘದ ಹುಡುಗ ಹುಡುಗಿಯರ ಜೊತೆ ಅವರು 1967ರ ಆಗಸ್ಟ್ 28ರಂದು ಈ ಸೇತುವೆ ದಾಟಿ ದಕ್ಷಿಣಕ್ಕೆ ಮೆರವಣಿಗೆ ಹೊರಟರು. ಆಚೆ ದಡದಲ್ಲಿ ಸಾವಿರಾರು ಜನ ಕಾಯುತ್ತಿದ್ದರು. ಕಲ್ಲು, ಬಾಟಲಿ, ಬೈಗುಳ. ಮರುದಿನ ಮತ್ತೆ ಹೋದರು, ಇನ್ನೂ ದೊಡ್ಡ ಗುಂಪು. ಆ ರಾತ್ರಿ ಯುವ ಸಂಘದ ಮನೆ ಸುಟ್ಟು ಹೋಯಿತು. ಆದರೂ ನಿಲ್ಲಿಸಲಿಲ್ಲ. ಮಿಲ್ವಾಕಿಯ ಚಳಿಗಾಲ ಅಂದರೆ ಮೂಗು ಹೆಪ್ಪುಗಟ್ಟುವ ಚಳಿ, ಅದರಲ್ಲೂ ಊರಿನ ಒಂದಲ್ಲ ಒಂದು ಬೀದಿಯಲ್ಲಿ ನಡೆದೇ ನಡೆದರು, ಸತತ 200 ರಾತ್ರಿ. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮೇಲೆ ದೇಶಕ್ಕೆಲ್ಲ ಇಂಥ ಕಾನೂನು ಬಂತು. ಅದೇ ತಿಂಗಳ ಕೊನೆಗೆ ಮಿಲ್ವಾಕಿ ನಗರಸಭೆ ಅದಕ್ಕಿಂತ ಬಿಗಿಯಾದದ್ದನ್ನು ಪಾಸು ಮಾಡಿತು.

ಗ್ರೊಪಿ ಆಮೇಲೆ ಪಾದ್ರಿತನ ಬಿಟ್ಟು ಮದುವೆಯಾದರು. ಮಿಲ್ವಾಕಿಯ ಸಿಟಿ ಬಸ್ಸಿನ ಡ್ರೈವರ್ ಆದರು. ಹೌದು, ಡ್ರೈವರ್. ಡ್ರೈವರುಗಳ ಯೂನಿಯನ್ನಿಗೂ ಅಧ್ಯಕ್ಷರಾದರು. 1985ರಲ್ಲಿ ತೀರಿಕೊಂಡರು, 1988ರಲ್ಲಿ ಸೇತುವೆಗೆ ಅವರ ಹೆಸರಿಟ್ಟರು.

ನಡೆಯಲು ಅಷ್ಟೇನೂ ಹೊತ್ತು ಹಿಡಿಯುವುದಿಲ್ಲ. ಪಕ್ಕದಲ್ಲಿ ಲಾರಿ ಹೋದಾಗ ಸೇತುವೆ ನಡುಗುತ್ತದೆ. ಅರ್ಧ ದಾರಿಯಲ್ಲಿ ಕೆಳಗೆ ನೋಡಿದರೆ ದೊಡ್ಡ ಕ್ಯಾಸಿನೊ, ಹೋಟೆಲು. ಯಾರದ್ದು? ಪೊಟವಾಟಮಿಗಳದ್ದು. 1833ರಲ್ಲಿ ನೆಲ ಬಿಟ್ಟ ಜನ, 1991ರಲ್ಲಿ ಈ ಕಣಿವೆಯಲ್ಲಿ ಬಿಂಗೊ ಹಾಲು ತೆರೆದು ವಾಪಸು ಬಂದರು. ಈಗ ಅಲ್ಲಿ ಜೂಜಾಡಲು ಊರಿಗೆ ಊರೇ ಬರುತ್ತದೆ. ತಮ್ಮ ನಕ್ಕ, "ಬಡ್ಡಿ ಸಮೇತ ವಸೂಲಿ" ಅಂದ.

ಆಚೆ ದಡ ಮುಟ್ಟಿದರೆ ಪೋಲೆಂಡ್ ಎಲ್ಲಿ? 16ನೇ ಬೀದಿ ಇಲ್ಲಿಂದ ಸೀಸರ್ ಚಾವೆಜ್ ಡ್ರೈವ್ ಆಗುತ್ತದೆ. ಮೆಕ್ಸಿಕನ್ ಬೇಕರಿ, ಎಲ್ ರೇ ಅಂಗಡಿ, ಟಾಕೊ ಗಾಡಿ. ಮೆಕ್ಸಿಕನ್ನರು ಇಲ್ಲಿಗೆ ಬಂದದ್ದು ನಿನ್ನೆ ಮೊನ್ನೆ ಅಲ್ಲ. 1920ರಲ್ಲಿ ಫಿಸ್ಟರ್ ಅಂಡ್ ವೋಗಲ್ ಅನ್ನುವ ಚರ್ಮದ ಕಾರ್ಖಾನೆಯವರು ಮುಷ್ಕರ ಮುರಿಯಲು ಅವರನ್ನು ಕರೆತಂದರು. ಮುಷ್ಕರ ಅಂತ ಬಂದವರಿಗೆ ಹೇಳಿರಲಿಲ್ಲ. ಉಳಿದವರು ಉಳಿದರು. 1926ರಲ್ಲಿ ತಮ್ಮದೇ ಗ್ವಾಡಲೂಪೆ ಮಾತೆಯ ಚಿಕ್ಕ ಇಗರ್ಜಿ ಮಾಡಿಕೊಂಡರು. ತಮ್ಮ ಟಾಕೊ ತಿಂದ ಮೇಲೆ ಗೊಣಗುವುದು ನಿಂತಿತು.

ಅಲ್ಲಿಂದ ಮಿಚೆಲ್ ಸ್ಟ್ರೀಟ್ ಹಿಡಿದು ಲಿಂಕನ್ ಅವೆನ್ಯೂ ಕಡೆ. ಮನೆಗಳನ್ನು ನೋಡುತ್ತಾ ಹೋದರೆ ಒಂದು ವಿಚಿತ್ರ ಕಾಣುತ್ತದೆ. ನಾಲ್ಕು ಕೋಣೆಯ ಮರದ ಮನೆ, ಅದರ ಕೆಳಗೆ ಅರ್ಧ ನೆಲದೊಳಗೆ, ಅರ್ಧ ಹೊರಗೆ ಇನ್ನೊಂದು ಮನೆ. ಪೋಲಿಷ್ ಕೆಲಸಗಾರರು ಮೊದಲು ಚಿಕ್ಕ ಮನೆ ಕಟ್ಟುತ್ತಿದ್ದರು. ದುಡ್ಡು ಕೂಡಿದ ಮೇಲೆ ಇಡೀ ಮನೆಯನ್ನು ಜಾಕ್ ಹಾಕಿ ಎತ್ತಿ, ಕೆಳಗೆ ಇಟ್ಟಿಗೆ ಗೋಡೆ ಕಟ್ಟಿ, ಆ ಭಾಗವನ್ನು ಬಾಡಿಗೆಗೆ ಕೊಡುತ್ತಿದ್ದರು ಅಥವಾ ಊರಿಂದ ಬಂದ ನೆಂಟರಿಗೆ ಬಿಡುತ್ತಿದ್ದರು. ಪೋಲಿಷ್ ಫ್ಲ್ಯಾಟ್ ಅಂತಲೇ ಹೆಸರು. ಈಗ ಅವುಗಳಲ್ಲಿ ಮೆಕ್ಸಿಕನ್ ಕುಟುಂಬಗಳು, ಕೆಲವು ಕಡೆ ಬರ್ಮಾದಿಂದ ಬಂದ ರೊಹಿಂಗ್ಯಾಗಳು. ಅಮೆರಿಕದಲ್ಲಿ ರೊಹಿಂಗ್ಯಾಗಳು ಜಾಸ್ತಿ ಇರುವ ಊರುಗಳಲ್ಲಿ ಮಿಲ್ವಾಕಿಯೂ ಒಂದು.

ಈ ಚಿಕ್ಕ ಚಿಕ್ಕ ಮನೆಗಳ ನಡುವೆ ಇದ್ದಕ್ಕಿದ್ದ ಹಾಗೆ ಒಂದು ಗುಮ್ಮಟ ಎದ್ದು ನಿಲ್ಲುತ್ತದೆ. ಸಂತ ಜೋಸಫಾಟರ ಬಸಿಲಿಕಾ. ಫಾದರ್ ವಿಲ್ಹೆಲ್ಮ್ ಗ್ರುಟ್ಸಾ ಇಟ್ಟಿಗೆಯಲ್ಲಿ ಕಟ್ಟೋಣ ಅಂದುಕೊಂಡಿದ್ದರು. ಅಷ್ಟರಲ್ಲಿ ಷಿಕಾಗೋದ ಹಳೇ ಪೋಸ್ಟ್ ಆಫೀಸು ಕೆಡವುತ್ತಾರೆ ಅಂತ ಗೊತ್ತಾಯಿತು. 20,000 ಡಾಲರಿಗೆ ಅದರ ಕಲ್ಲು, ಕಂಬ ಎಲ್ಲ ಕೊಂಡು 500 ರೈಲು ಬಂಡಿಯಲ್ಲಿ ತರಿಸಿದರು. ಎರ್ಹಾರ್ಡ್ ಬ್ರೀಲ್‌ಮೈಯರ್ ಅನ್ನುವ ವಾಸ್ತುಶಿಲ್ಪಿ ತನ್ನ ನಕ್ಷೆಯನ್ನು ಆ ಕಲ್ಲುಗಳಿಗೆ ಹೊಂದಿಸಿಕೊಂಡ. ಕಟ್ಟಿದ ಕೂಲಿಗಳು ಬಹುಪಾಲು ಇದೇ ಇಗರ್ಜಿಯ ಭಕ್ತರು. 1901ರಲ್ಲಿ ಪೂಜೆ ಶುರುವಾದ ಕೆಲವೇ ವಾರಕ್ಕೆ ಗ್ರುಟ್ಸಾ ತೀರಿಕೊಂಡರು. ಸಾಲ ತೀರಿಸಲು ಬಡ ಕುಟುಂಬಗಳು ವರ್ಷಗಟ್ಟಲೆ ಒದ್ದಾಡಿದವು. ಒಳಗೆ ಹೋಗಿ ತಲೆ ಎತ್ತಿದರೆ ಕತ್ತು ನೋಯುವಷ್ಟು ಎತ್ತರ. ಬಾಗಿಲಿನ ಹಿಡಿಗಳೂ ಆ ಪೋಸ್ಟ್ ಆಫೀಸಿನವೇ.

ಎದುರಿಗೆ ಕೊಶ್ಚುಷ್ಕೊ ಪಾರ್ಕ್, ಕುದುರೆ ಮೇಲೆ ಕೂತ ಪೋಲಿಷ್ ವೀರನ ಪ್ರತಿಮೆ. 1967ರ ಮೆರವಣಿಗೆ ಬಂದು ಮುಟ್ಟಿದ್ದು ಈ ಪಾರ್ಕಿಗೆ. ಮನೆಯನ್ನೇ ಜಾಕ್ ಹಾಕಿ ಎತ್ತಿ, ಹೊಟ್ಟೆ ಕಟ್ಟಿ ಇಂಥ ಇಗರ್ಜಿ ಕಟ್ಟಿದ ಜನರ ಮಕ್ಕಳೇ ಇಲ್ಲಿ ನಿಂತು ಕಲ್ಲು ಹೊಡೆದರು. ಅವರನ್ನು ಸುಮ್ನೆ ಕೆಟ್ಟವರು ಅಂದುಬಿಡಲು ನನಗೆ ಮನಸ್ಸಾಗುವುದಿಲ್ಲ, ಆದರೆ ಕಷ್ಟಪಟ್ಟು ಮನೆ ಮಾಡಿದವರು ಪಾಪ ಹೆದರಿದ್ದರು ಅನ್ನುವ ಸಮಜಾಯಿಷಿಯನ್ನೂ ಒಪ್ಪಲಾರೆ. ಸೇತುವೆ ದಾಟಿ ಬಂದ ಹುಡುಗರೂ ಕೇಳಿದ್ದು ಒಂದು ಮನೆಯನ್ನೇ ಅಲ್ವಾ?

ಭಾನುವಾರ

ಬೇ ವ್ಯೂ. ಉಕ್ಕಿನ ಕಾರ್ಖಾನೆಗಾಗಿ 1860ರ ದಶಕದಲ್ಲಿ ಹುಟ್ಟಿದ ಊರು. ಇಂಗ್ಲೆಂಡು, ವೇಲ್ಸ್‌ನಿಂದ ಕಬ್ಬಿಣ ಕುದಿಸುವ ಕುಶಲ ಕೆಲಸಗಾರರನ್ನು ಕರೆಸಿದ್ದರು. 1887ರಲ್ಲಿ ಮಿಲ್ವಾಕಿಗೆ ಸೇರಿತು. ಕಾರ್ಖಾನೆ ಇದ್ದ ಜಾಗದಲ್ಲಿ ಒಂದು ಚಿಕ್ಕ ಹುಲ್ಲುಹಾಸು, ಫಲಕ. ಮೇ ತಿಂಗಳ ಮೊದಲ ಭಾನುವಾರ ಇಲ್ಲಿ ಪ್ರತಿ ವರ್ಷ ಜನ ಸೇರುತ್ತಾರೆ. ಮಡಚುವ ಕುರ್ಚಿ, ಯೂನಿಯನ್ ಜಾಕೆಟ್ಟು, ಬಿಳಿ ಕೂದಲು. ಯುವಕರು ಕಮ್ಮಿ.

1886ರ ಮೇ ತಿಂಗಳು. ದಿನಕ್ಕೆ 8 ಗಂಟೆ ಕೆಲಸ ಬೇಕು ಅಂತ ದೇಶಾದ್ಯಂತ ಮುಷ್ಕರ. ಮಿಲ್ವಾಕಿಯಲ್ಲಿ ಒಂದೊಂದಾಗಿ ಎಲ್ಲ ಕಾರ್ಖಾನೆ ನಿಂತವು, ಈ ಉಕ್ಕಿನ ಕಾರ್ಖಾನೆ ಮಾತ್ರ ನಡೆಯುತ್ತಿತ್ತು. ಮಿಚೆಲ್ ಸ್ಟ್ರೀಟಿನ ಸಂತ ಸ್ಟಾನಿಸ್ಲಾಸ್ ಇಗರ್ಜಿ ಹತ್ತಿರ ಸೇರಿದ ಕೆಲಸಗಾರರು, ಜಾಸ್ತಿ ಪೋಲಿಷ್ ಜನ, ಇತ್ತ ಹೊರಟರು. ಮೇ 4ರ ರಾತ್ರಿ ಷಿಕಾಗೋದ ಹೇಮಾರ್ಕೆಟ್‌ನಲ್ಲಿ ಕಾರ್ಮಿಕರ ಸಭೆಯಲ್ಲಿ ಬಾಂಬು ಬಿದ್ದಿತ್ತು. ಮೇ 5ರ ಬೆಳಿಗ್ಗೆ ಗವರ್ನರ್ ಜೆರಮಾಯ ರಸ್ಕ್ ಕಳಿಸಿದ ಸೈನ್ಯ ಇಲ್ಲಿ ದೂರದಿಂದಲೇ ಗುಂಡು ಹಾರಿಸಿತು. ಕನಿಷ್ಠ 7 ಜನ ಸತ್ತರು, ಅದರಲ್ಲಿ ಒಬ್ಬ 13 ವರ್ಷದ ಹುಡುಗ. ಹೇಮಾರ್ಕೆಟ್ ಪ್ರಪಂಚಕ್ಕೆಲ್ಲ ಗೊತ್ತು, ಬೇ ವ್ಯೂ ಪಕ್ಕದ ಬಡಾವಣೆಯವರಿಗೂ ಗೊತ್ತಿಲ್ಲ.

ಆದರೆ ಊರು ಮರೆಯಲಿಲ್ಲ. ಅದೇ ವರ್ಷದ ಚುನಾವಣೆಯಲ್ಲಿ ಕಾರ್ಮಿಕರ ಪಕ್ಷ ಗೆದ್ದಿತು. ಜರ್ಮನ್ನರ ಸಂಘಗಳ ಮಾತು, ಪೋಲಿಷ್ ಕಾರ್ಮಿಕರ ಮತ, ಎರಡೂ ಸೇರಿ 1910ರಲ್ಲಿ ಎಮಿಲ್ ಸೈಡಲ್ ಮೇಯರ್ ಆದರು, ಅಮೆರಿಕದ ದೊಡ್ಡ ಊರೊಂದಕ್ಕೆ ಮೊದಲ ಸೋಷಲಿಸ್ಟ್ ಮೇಯರ್. ಡೇನಿಯಲ್ ಹೋನ್ 1916ರಿಂದ 1940ರವರೆಗೆ, ಫ್ರ್ಯಾಂಕ್ ಝೈಡ್ಲರ್ 1948ರಿಂದ 1960ರವರೆಗೆ. ಇವರು ಕ್ರಾಂತಿ ಗೀಂತಿ ಮಾಡಲಿಲ್ಲ. ಚರಂಡಿ, ಕುಡಿಯುವ ನೀರು, ಪಾರ್ಕು, ಲಂಚ ಇಲ್ಲದ ಆಡಳಿತ. ಚರಂಡಿ ಸೋಷಲಿಸ್ಟರು ಅಂತ ಅಣಕಿಸಿದವರೂ ಇದ್ದರು. ಗುರುವಾರ ನೋಡಿದ ಜೋನ್ಸ್ ಐಲ್ಯಾಂಡಿನ ಘಟಕ ಕಟ್ಟಿದ್ದು ಹೋನ್ ಕಾಲದಲ್ಲೇ. ಬಡವರ ಆರೋಗ್ಯಕ್ಕೆ ಕಟ್ಟಿದ್ದು, ಬಡ ಮೀನುಗಾರರನ್ನು ಎಬ್ಬಿಸಿ ಕಟ್ಟಿದ್ದು, ಎರಡೂ ನಿಜ.

ಹೋನ್ ಹೆಸರಿನ ಸೇತುವೆ ಬೇ ವ್ಯೂನಿಂದ ಪೇಟೆಗೆ ಬಂದರಿನ ಮೇಲೆ ಹಾದು ಹೋಗುತ್ತದೆ. ಹಳದಿ ಕಮಾನು, ರಾತ್ರಿ ಬಣ್ಣದ ದೀಪ. ಕಟ್ಟಿ ಮುಗಿಸಿದ ಮೇಲೆ ಎರಡೂ ತುದಿಗೆ ರಸ್ತೆ ಸೇರಿಸಲು ಆಗದೆ ಕೆಲವು ವರ್ಷ ಸುಮ್ನೆ ಆಕಾಶದಲ್ಲಿ ನಿಂತಿತ್ತು, ತೆರೆದದ್ದು 1977ರಲ್ಲಿ. ಜನ ಹೆದ್ದಾರಿಗಳ ವಿರುದ್ಧ ಎದ್ದಿದ್ದರು, ಅದಕ್ಕೇ ಈ ಗತಿ. ಕಪ್ಪು ಕೇರಿ ಅಳಿಸುವಾಗ ಇಷ್ಟು ಅಡ್ಡಿ ಬಂದಿರಲಿಲ್ಲ.

ಸೋಮವಾರ

ಸಂಜೆ ವಿಮಾನ. ಬೆಳಿಗ್ಗೆ ಉತ್ತರದ 76ನೇ ಬೀದಿಯ ಮಾಂಗ್ ಮಾರುಕಟ್ಟೆಗೆ ಹೋದೆವು. ಲಾವೋಸ್‌ನ ಬೆಟ್ಟಗಳಲ್ಲಿ ಅಮೆರಿಕದ ಗುಟ್ಟಿನ ಯುದ್ಧ ಮಾಡಿಕೊಟ್ಟು, 1975ರ ನಂತರ ಊರು ಬಿಟ್ಟು ಓಡಬೇಕಾದ ಜನ ಇವರು. ವಿಸ್ಕಾನ್ಸಿನ್‌ನಲ್ಲಿ ತುಂಬಾ ಇದ್ದಾರೆ. ಪಪ್ಪಾಯಿ ಕಾಯಿಯನ್ನು ಒರಳಲ್ಲಿ ಕುಟ್ಟಿ ಮಾಡಿದ ಕೋಸಂಬರಿ ತಿಂದೆ. ಅಂತೂ ಈ ಊರಿನಲ್ಲಿ ಖಾರ ಸಿಕ್ಕಿತು.

ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲೇ ಸ್ವಲ್ಪ ಮುಂದೆ ಓಕ್ ಕ್ರೀಕ್ ಗುರುದ್ವಾರ. 2012ರ ಆಗಸ್ಟ್ 5ರಂದು, ಭಾನುವಾರ ಬೆಳಿಗ್ಗೆ, ಬಿಳಿಯರೇ ಮೇಲು ಅನ್ನುವ ಹುಚ್ಚಿನವನೊಬ್ಬ ನುಗ್ಗಿ 6 ಜನರನ್ನು ಕೊಂದ. ಗುಂಡು ತಗುಲಿ ಹಾಸಿಗೆ ಹಿಡಿದಿದ್ದ ಏಳನೆಯವರು 2020ರಲ್ಲಿ ತೀರಿಕೊಂಡರು. ಬಾಗಿಲ ಚೌಕಟ್ಟಿನಲ್ಲಿ ಒಂದು ಗುಂಡಿನ ತೂತನ್ನು ಹಾಗೇ ಬಿಟ್ಟಿದ್ದಾರೆ. ನಾವು ನೋಡುತ್ತಾ ನಿಂತಿದ್ದಾಗ ಒಬ್ಬ ಅಜ್ಜ ಬಂದು, ಮೊದಲು ಊಟ, ಆಮೇಲೆ ಇದೆಲ್ಲ ಅಂತ ಲಂಗರಿಗೆ ಕೂರಿಸಿದರು. ವಿಮಾನಕ್ಕೆ ಹೊತ್ತಾಯಿತು ಅಂದರೂ ಬಿಡದೆ ಇನ್ನೊಂದು ರೊಟ್ಟಿ ಹಾಕಿದರು.

ಮುಂದಿನ ತಿಂಗಳು ತಮ್ಮನ ಅತ್ತೆ ಮಾವ ಬರುತ್ತಾರಂತೆ. ಅವರಿಗೆ ಏನು ತೋರಿಸಲಿ ಅಕ್ಕಾ ಅಂತ ತಮ್ಮನ ಹೆಂಡತಿ ಕಾರಿನಲ್ಲಿ ಕೇಳಿದಳು. ಪಿವಾಕಿಯ ಹಿಂದೂ ದೇವಸ್ಥಾನ ಹೇಗೂ ಇದ್ದೇ ಇದೆ, ಬಸಿಲಿಕಾ ತೋರಿಸು, ಆಮೇಲೆ 16ನೇ ಬೀದಿಯ ಸೇತುವೆ ನಡೆದು ದಾಟಿಸು ಅಂದೆ. ಅಪ್ಪನಿಗೆ ಮಂಡಿನೋವು, ಅಷ್ಟು ದೂರ ಆಗಲ್ಲ ಅಂದಳು.

"ಹಾಗಾದರೆ ಸಿಟಿ ಬಸ್ಸಿನಲ್ಲಿ ಕರೆದುಕೊಂಡು ಹೋಗು," ಅಂದ ತಮ್ಮ, "ಅದನ್ನು ಓಡಿಸುತ್ತಿದ್ದದ್ದು ಯಾರು ಅಂತ ಮಾವನಿಗೆ ನಾನು ಹೇಳ್ತೀನಿ."